ಹಂಸಭಾವಿಯ ಎತ್ತು ಆಡೂರಿಗೆ ಬರಲಿಲ್ಲ

"ನಾ ಬಟನ್ ಒತ್ತಿದ್ನಲ್ರೀ. ನೀವ ಬರ್ಲಿಲ್ಲ."

ಹಂಸಭಾವಿಯಲ್ಲಿ ಸಂಬಂಧಿಕರ ನಿಶ್ಚಯದ ಊಟ ಮುಗಿಸಿ ಕೈ ತೊಳೆಯುತ್ತಿದ್ದೆ. ಪಕ್ಕದಲ್ಲಿ ನಿಂತಿದ್ದ ಹೆಂಗಸು ಹೀಗಂದರು. ಹೆಸರು ಗಂಗವ್ವ. ಈ ಅಂಕಣದ ಮೇಲಿರುವ ಫೋಟೊದಿಂದ ನನ್ನ ಗುರುತು ಹಿಡಿದಿದ್ದರು. (ಆ ಫೋಟೊ ಬದಲಿಸು ಎಂದು ತಂಗಿ ಹೇಳುತ್ತಲೇ ಇರುತ್ತಾಳೆ. ಬದಲಿಸಿದ್ದರೆ ಈ ಸಂಗತಿ ನನಗೆ ತಿಳಿಯುತ್ತಲೇ ಇರಲಿಲ್ಲ.)

ಯಾವ ಬಟನ್? ನಾನು ಎಲ್ಲಿಗೆ ಬರಬೇಕಿತ್ತು?

ಹಾನಗಲ್ಲಿನಲ್ಲಿ ಕೂತು ವೆಬ್‌ಸೈಟ್ ಮಾಡುವುದು ನನ್ನ ಹೊಟ್ಟೆಪಾಡು, ನಿಮಗೆ ಗೊತ್ತೇ ಇದೆ. ಶಿಗ್ಗಾಂವಿಯ ಗೆಳತಿ ಸುನೀತಾ ಜೊತೆ ಸೇರಿ ಹೋದ ವರ್ಷ ಒಂದು ಸೈಟನ್ನು ಪುಕ್ಕಟೆಯಾಗಿ ಮಾಡಿದೆ. ಒಂಟಿ ಎತ್ತಿಗೆ ಜೋಡಿ ಹುಡುಕುವ ಸೈಟು. ಅದರ ಅಡಿಯಲ್ಲಿ ನನ್ನ ಹೆಸರಿದೆ.

ನಗಬೇಡಿ. ಜೋಡಿಯಲ್ಲಿ ಒಂದು ಸತ್ತರೆ ಉಳಿದದ್ದರ ಗತಿ ಏನು? ಎತ್ತರ ಹೊಂದಬೇಕು, ನಡಿಗೆ ಹೊಂದಬೇಕು. ಎಡಕ್ಕೆ ಹೂಡಿ ರೂಢಿಯಾದ ಎತ್ತಿಗೆ ಬಲಕ್ಕೆ ನಡೆಯುವ ಎತ್ತೇ ಬೇಕು. ಅಂಥದ್ದು ಪಕ್ಕದ ತಾಲೂಕಿನ ಯಾವುದೋ ಹಳ್ಳಿಯಲ್ಲಿ ಅದೂ ಒಂಟಿಯಾಗಿ ನಿಂತಿರುತ್ತದೆ. ಸಾಕಿದ ಇಬ್ಬರಿಗೂ ಒಬ್ಬರ ವಿಷಯ ಇನ್ನೊಬ್ಬರಿಗೆ ಗೊತ್ತಾಗುವುದಿಲ್ಲ.

ನಮ್ಮ ಹಾನಗಲ್ ತಾಲೂಕಿನ ಆಡೂರಿನ ನಾಗಪ್ಪ ಕಾಕಾ ಇಂಥ ಒಬ್ಬರು. ಅವರ ಬಲದ ಎತ್ತು ಜ್ವರ ಬಂದು ಸತ್ತಿತ್ತು. ಗೋವಿನಜೋಳದ ಸಾಲುಗಳ ನಡುವೆ ಎಡೆ ಹೊಡೆದು ಕಳೆ ತೆಗೆಯಲು ಟ್ರ್ಯಾಕ್ಟರ್ ಇಳಿಸಲಾಗುವುದಿಲ್ಲ. ತಮ್ಮ ಹೊಲವಲ್ಲದೆ ಊರಿನ ಅರ್ಧ ಹೊಲಗಳಲ್ಲಿ ಅವರದೇ ಎಡೆ. ಉಳಿದ ಎತ್ತಿನ ಫೋಟೊ ತೆಗೆದು ಸೈಟಿಗೆ ಹಾಕಿದವಳು ನಾನೇ.

ಗಂಗವ್ವನ ಬಳಿ ಒಂಟಿಯಾಗಿ ಉಳಿದದ್ದು ಬಲದ ಎತ್ತು. ನಾಗಪ್ಪ ಕಾಕಾನ ಎತ್ತಿನ ಫೋಟೊ ನೋಡಿ, "ನಮ್ಮಲ್ಲಿ ಜೋಡಿ ಇದೆ" ಎಂಬ ಬಟನ್ ಒತ್ತಿದರು. ಮೊಬೈಲಿನಲ್ಲಿ "ನಮಸ್ಕಾರ, ಬನ್ನಿ" ಎಂದು ಬಂತು. ಸಂದೇಶ ಹೋಯಿತು ಎಂದುಕೊಂಡರು. ಯಾರೂ ಫೋನ್ ಮಾಡಲಿಲ್ಲ. ಮತ್ತೆ ಒತ್ತಿದರು. ಮತ್ತೆ "ನಮಸ್ಕಾರ, ಬನ್ನಿ."

"ಬ್ಯಾಡ ಅಂತ ಬಾಯಿ ಬಿಟ್ಟ ಹೇಳಿದ್ರ ಬ್ಯಾರೆ ದಾರಿ ನೋಡ್ತಿದ್ನಿ," ಎಂದರು ಗಂಗವ್ವ. "ಒಂಟಿ ನಿಂತು ಮೇವು ಬಿಟ್ಟಿತ್ರೀ ಅದು. ಕಣ್ಣಲೆ ನೋಡಾಕ ಆಗವಲ್ದು. ಕಡೀಕ ಸಂತ್ಯಾಗ ಮಾರಿದ್ನಿ."

"ಯಾರಿಗ್ರೀ?"

"ಯಾರೋ ದಲ್ಲಾಳಿ. ಗಾಡಿಗೆ ಹತ್ತಿಸ್ಕೊಂಡು ಹ್ವಾದ. ಎಲ್ಲಿಗಂತ ಕೇಳ್ಬಾರ್ದಂತ ಕೇಳ್ಲಿಲ್ಲ."

ಮನೆಗೆ ಬಂದವಳೇ ಲ್ಯಾಪ್‌ಟಾಪ್ ತೆರೆದೆ. ಸುನೀತಾಗೆ ಫೋನ್ ಹಚ್ಚಿದೆ.

ಇಲ್ಲಿ ಸ್ವಲ್ಪ ನನ್ನ ಕಸುಬಿನ ಮಾತು. (ಹಾರಿಸಬೇಡಿ. ಎತ್ತು ತಪ್ಪಿದ್ದು ಇಲ್ಲೇ.) ನಮ್ಮ ಸೈಟು ಒಂದು ದೊಡ್ಡ ಆ್ಯಪ್. ಅದರ ಹೊಟ್ಟೆಯೊಳಗೆ ಹಾನಗಲ್, ಶಿಗ್ಗಾಂವಿ, ಸವಣೂರು, ಹಿರೇಕೆರೂರು ಎಂದು ತಾಲೂಕಿಗೊಂದು ಸಣ್ಣ ಆ್ಯಪ್. ಬಟನ್ ಒತ್ತಿದಾಗ ಬರುವ ಪ್ರತಿ ಕೋರಿಕೆಯ ವಿಳಾಸದಲ್ಲಿ ಮೊದಲು ತಾಲೂಕಿನ ಹೆಸರು, ಆಮೇಲೆ ಕೆಲಸದ ಹೆಸರು. ದೊಡ್ಡ ಆ್ಯಪ್ ತಾಲೂಕಿನ ಹೆಸರು ಓದಿ, ಅದನ್ನು ಕತ್ತರಿಸಿ, ಉಳಿದದ್ದನ್ನು ಆ ಸಣ್ಣ ಆ್ಯಪ್‌ಗೆ ದಾಟಿಸುತ್ತದೆ. ಇದಕ್ಕೆ ರೂಟಿಂಗ್ ಎನ್ನುತ್ತಾರೆ.

ಹಂಸಭಾವಿ ಸೇರುವುದು ಹಿರೇಕೆರೂರಿಗೆ; ಆ ಆ್ಯಪ್ ಬರೆದವಳು ಸುನೀತಾ. ಅವಳ ಬಟನ್ ಹಿಂದಿದ್ದ ವಿಳಾಸ ಬರೀ "ಸಂದೇಶ". ಅದಕ್ಕೂ ಮೊದಲು ಹಿರೇಕೆರೂರು ಎಂದಿರಲಿಲ್ಲ. ಅವಳ ಲ್ಯಾಪ್‌ಟಾಪಿನಲ್ಲಿ ಆ ಆ್ಯಪ್ ಒಂದೇ ಇದ್ದಾಗ ಎಲ್ಲ ಸರಿಯಾಗಿ ನಡೆದಿತ್ತು. ನನ್ನ ದೊಡ್ಡ ಆ್ಯಪಿನೊಳಗೆ ಸೇರಿಸಿದ ಮೇಲೆ, ಗಂಗವ್ವನ ಕೋರಿಕೆ ತಾಲೂಕಿನ ಹೆಸರಿಲ್ಲದೆ ನನ್ನ ಬಾಗಿಲಿಗೆ ಬಂದು ನಿಂತಿತು.

"ನಂದು ಬರೋಬ್ಬರಿ ಐತಿ. ಈಗ ನಡಸಿ ನೋಡಿದ್ನಿ," ಎಂದಳು ಸುನೀತಾ.

"ನಂದೂ ಬರೋಬ್ಬರಿ ಐತಿ," ಎಂದೆ.

ಎರಡೂ ಸರಿ ಇತ್ತು. ಎರಡೂ ಸೇರಿದ ಜಾಗವನ್ನು ಯಾರೂ ನೋಡಿರಲಿಲ್ಲ.

ಆಮೇಲೆ ಅವಳೇ ಕೇಳಿದಳು, "ವಿಳಾಸ ಸಿಗದಿದ್ರ 'ಸಿಗಲಿಲ್ಲ' ಅಂತ ಬರಬೇಕಲ್ಲ? ಯಾಕ ಬರ್ಲಿಲ್ಲ?"

ಯಾಕೆಂದರೆ ಬೇಡ ಎಂದವಳು ನಾನು. ಗೊತ್ತಿಲ್ಲದ ವಿಳಾಸ ಬಂದರೆ ಮುಖಪುಟಕ್ಕೆ ಕಳಿಸು ಎಂದು ಬರೆದಿದ್ದೆ. ಹಳ್ಳಿಯ ಮಂದಿ, ಕೆಂಪಕ್ಷರ ಕಂಡರೆ ಹೆದರುತ್ತಾರೆ, ಮುಖಪುಟದಲ್ಲಿ ಮರ್ಯಾದೆಯಿಂದ "ನಮಸ್ಕಾರ, ಬನ್ನಿ" ಎನ್ನೋಣ ಅಂತ. ಎಂಥ ಮರ್ಯಾದೆ!

ಯೋಚಿಸಿದರೆ ಇದು ಸೈಟಿನದಷ್ಟೇ ರೋಗವಲ್ಲ. ಕಚೇರಿಗೆ ಹೋದರೆ "ಆಗ್ತೈತ್ರಿ, ಕುಂದರ್ರಿ" ಎನ್ನುತ್ತಾರೆ. ನೆಂಟರು ಹುಡುಗಿ ನೋಡಿ "ತಿಳಿಸ್ತೇವ್ರಿ" ಎಂದು ಚಹಾ ಕುಡಿದು ಹೋಗುತ್ತಾರೆ. ಇಲ್ಲ ಎನ್ನುವುದು ನಮಗೆ ಒರಟುತನ. ನಗುತ್ತಾ ಕಾಯಿಸುವುದು ಸಂಸ್ಕಾರ. ಕಾಯುವವರ ಮನೆಯಲ್ಲಿ ಏನಾಗುತ್ತಿದೆ ಎಂದು ಯಾರು ನೋಡಿದ್ದಾರೆ?

ತಿದ್ದಿದ್ದು ಒಂದೆರಡು ಸಾಲು. ಆದರೆ ಎತ್ತು?

ಮರುದಿನ ಆಡೂರಿಗೆ ಹೋದೆ. ನಾಗಪ್ಪ ಕಾಕಾ ಕೊಟ್ಟಿಗೆಯ ಗ್ವಾದಲಿಗೆ ಮೇವು ಹಾಕುತ್ತಿದ್ದರು. ಈಗ ಯಾರದೋ ಎತ್ತು ಕಡ ತಂದು ಹೂಡುತ್ತಾರೆ. ಅದು ಗಿಡ್ಡ. ನೊಗ ಒಂದು ಕಡೆ ವಾಲಿ ಇವರ ಎತ್ತಿನ ಹೆಗಲು ಹುಣ್ಣಾಗಿತ್ತು. ನಡೆದದ್ದನ್ನೆಲ್ಲ ಹೇಳಿದೆ. ಅವರು ಬೈಯಲಿಲ್ಲ. ಬೈದಿದ್ದರೆ ಹಗುರಾಗುತ್ತಿದ್ದೆ.

ಎತ್ತಿನ ಹೆಗಲಿಗೆ ಎಣ್ಣೆ ಸವರಿದರು. ಆಮೇಲೆ, "ತಂಗೀ, ಆ ಅಕ್ಕಾಗ ಒಂದ ಮಾತು ಹೇಳಿಬಿಡು. ಎತ್ತು ಬ್ಯಾಡ ಅಂದಾಂವ ನಾ ಅಲ್ಲ ಅಂತ ಹೇಳು. ನಾನೂ ಕಾಯಾಕತ್ತಿದ್ನಿ ಅಂತ ಹೇಳು," ಎಂದರು.

ಈ ಮಾತನ್ನು ಸೈಟಿನಲ್ಲಿ ಕಳಿಸಲು ಮನಸ್ಸಾಗಲಿಲ್ಲ. ಮೊನ್ನೆ ನಾನೇ ಹಂಸಭಾವಿಯ ಬಸ್ಸು ಹತ್ತಿದೆ.

ಗಂಗವ್ವ ಅಂಗಳದಲ್ಲೇ ನಿಂತು ಪೂರ್ತಿ ಕೇಳಿದರು. ಸೆರಗಿನಿಂದ ಮುಖ ಒರೆಸಿಕೊಂಡರು.

"ಮಾರಿದ ದಿನದಿಂದ ಆ ಆಡೂರಿನವ್ರ ಮ್ಯಾಲ ಸಿಟ್ಟು ಇಟ್ಕೊಂಡ ಕುಂತಿದ್ನಲ್ರೀ. ಪಾಪ. ಈಗ ಆ ಸಿಟ್ಟು ಯಾರಿಗೆ ಕೊಡ್ಲಿ?"

"ನನಗ ಕೊಡ್ರಿ," ಎಂದೆ.