ಕಾಲಡಿಯ ಪೇಪರ್

ನಮ್ಮೂರಿನ ಬಟವಾಡಿ ಬಡಾವಣೆಯಲ್ಲಿ ಬೈಕ್ ಸೀಟ್ ಹೊಲಿಯುತ್ತಿದ್ದ ಅಂಗಡಿಯವರು ಟೇಪು ಹಿಡಿದದ್ದನ್ನು ನಾನು ನೋಡಲೇ ಇಲ್ಲ. ಅವರ ಅಳತೆಗೋಲು ದಿನಪತ್ರಿಕೆಯ ಒಂದು ಹಾಳೆ. ಬಂದವರನ್ನು ಗಾಡಿ ಮೇಲೆ ಕೂರಿಸಿ, ಶೂ ಕೆಳಗೆ ಹಾಳೆ ಇಟ್ಟು ಮೆಲ್ಲಗೆ ಎಳೆಯುತ್ತಿದ್ದರು. ಹಾಳೆ ಜಾರಿ ಬಂದರೆ ಕಾಲು ಇನ್ನೂ ನೆಲಕ್ಕೆ ಊರಿಲ್ಲ ಎಂದರ್ಥ.

ದೇವರಾಯನದುರ್ಗದ ಏರಿನಲ್ಲಿ ಕೋತಿ ಅಡ್ಡ ಬಂತೆಂದು ಬ್ರೇಕ್ ಹಾಕಿ, ಕಾಲು ಎಟುಕದೆ ಗಾಡಿ ಸಮೇತ ಬಿದ್ದ ಮರುದಿನ ನಾನು ಅಲ್ಲಿಗೆ ಹೋದೆ. ಆಸೆಪಟ್ಟು ಕೊಂಡಿದ್ದ ಎತ್ತರದ ಗಾಡಿ. ಮನೆಯಲ್ಲಿ ಎಲ್ಲರೂ ಮಾರಿಬಿಡು ಎನ್ನುತ್ತಿದ್ದರು.

"ನಾನೇ ಕುಳ್ಳಿ ಅಣ್ಣಾ," ಎಂದೆ.

"ನೀವ್ ಸರಿಯಾಗೇ ಇದೀರ ಕಣಮ್ಮ. ಸೀಟೇ ದಪ್ಪ."

ಗಿಡ್ಡಗಿದ್ದವರು ಯಾರೇ ಬಂದರೂ ಅವರದು ಅದೇ ಮಾತು.

ಕವರ್ ಬಿಚ್ಚಿ, ಉದ್ದನೆಯ ಚಾಕುವಿನಲ್ಲಿ ಸ್ಪಂಜನ್ನು ದೋಸೆಯಷ್ಟು ತೆಳ್ಳಗೆ ಹೆರೆದರು. ಕೂತೆ, ಹಾಳೆ ಜಾರಿ ಬಂತು. ಮತ್ತೆ ಹೆರೆದರು, ಮತ್ತೆ ಬಂತು.

"ಒಂದೇ ಸಲ ಕುಯ್ದುಬಿಡಿ," ಎಂದು ರೇಗಿದೆ.

"ಕುಯ್ದಿದ್ದು ಮತ್ತೆ ಬೆಳೆಯಲ್ಲಮ್ಮ," ಎನ್ನುತ್ತ ತೊಡೆ ತಾಗುವ ಎರಡೂ ಅಂಚುಗಳನ್ನು ಚಾಕುವಿನಿಂದ ಸವರಿ ತೆಗೆದರು.

ಐದನೇ ಸಲ ಎಳೆದಾಗ ಹಾಳೆ ಪರ್ರನೆ ಹರಿಯಿತು. ಅರ್ಧ ಅವರ ಕೈಯಲ್ಲಿ, ಅರ್ಧ ನನ್ನ ಶೂ ಕೆಳಗೆ. ಅವರು ಕೈಯಲ್ಲಿದ್ದ ತುಂಡನ್ನು ಕಣ್ಣಿನ ಹತ್ತಿರ ಹಿಡಿದು ನಕ್ಕರು.

"ಅಯ್ಯೋ, ಇವತ್ತಿನ ಪೇಪರ್ರು. ಇನ್ನೂ ಓದಿರ್ಲಿಲ್ಲ. ಕಾಲ್ ಎತ್ತಿ ಅಮ್ಮ, ಉಳಿದಿದ್ದು ಕೊಡಿ."

"ಸ್ವಲ್ಪ ತಡೀರಿ ಅಣ್ಣಾ," ಎಂದೆ. ಕಾಲೆತ್ತಲು ಮನಸ್ಸೇ ಬರಲಿಲ್ಲ.