ಗುರುಲಿಂಗವ್ವ ಕಂಡ ಸೂಜಿಯ ಗುರುತು

ಗುರುಲಿಂಗವ್ವ ಇಳಕಲ್ಲಿನ ಒಂದು ದವಾಖಾನೆಯಲ್ಲಿ ಆಯಾ. 2008ರಲ್ಲಿ ನೇಕಾರರ ಮನೆಯ ಆರು ವರ್ಷದ ಸುಮಾ ಮಿದುಳು ಜ್ವರದಿಂದ ಅಲ್ಲಿ ಮಲಗಿದ್ದಳು. ಬೆನ್ನಿನಿಂದ ತೆಗೆದ ನೀರಿನಲ್ಲಿ ಯಾವ ರೋಗಾಣುವೂ ಬೆಳೆಯಲಿಲ್ಲವೆಂದು ಮೂರನೆಯ ದಿನ ವರದಿ ಬಂತು. ರೋಗವೇ ಇಲ್ಲವೆಂದುಕೊಂಡು ತಾಯಿ ರತ್ನಾಬಾಯಿ ಮನೆಗೆ ಹೊರಡಲು ಗಂಟು ಕಟ್ಟಿದಳು.

ಮಗುವಿನ ಮೈ ಒರೆಸುತ್ತಿದ್ದ ಗುರುಲಿಂಗವ್ವನಿಗೆ ಸೊಂಟದ ಕೆಳಗೆ ಅರಿಶಿನ ಹಚ್ಚಿದ ಎರಡು ಸೂಜಿ ಗುರುತು ಕಂಡವು.

“ನಾವು ಸೂಜಿ ಕೈಗೆ ಹಾಕೇವಿ. ಇವು ಎಲ್ಲಿವು? ಖರೆ ಹೇಳವಾ.”

“ಮಗ್ಗದಾಗ ಸೀರಿ ಎಳಿಗೆ ಸೆರಗಿನ ಎಳಿ ಕೂಡಿಸಾಕ ಕುಂತಿದ್ವಿರಿ, ನಡುವ ಬಿಟ್ಟು ಏಳಾಕ ಆಗಲಿಲ್ಲ. ಇಲ್ಲಿಗೆ ಬರೂಕಿಂತ ಮೊದಲ ಎರಡು ದಿನ ಓಣಿ ಕಂಪೌಂಡರ್ ಕಡೆ ಸೂಜಿ ಮಾಡಿಸಿದ್ನಿ. ಡಾಕ್ಟರ್ ಬೈತಾರಂತ ಹೇಳಲಿಲ್ಲ.”

“ಇಬ್ಬರೂ ಬೈಸ್ಕೊಳ್ಳೂಣು, ನಡಿ.”

ಡಾಕ್ಟರು ಬೈಯಲಿಲ್ಲ. ಮೊದಲೇ ಕೊಟ್ಟ ಆ ಸೂಜಿಯ ಔಷಧದಿಂದ ರೋಗಾಣು ಬೆಳೆಯದಿದ್ದರೂ ಅದರ ಅಂಶ ನೀರಿನಲ್ಲಿ ಉಳಿದಿರಬಹುದು, ಬೆಳಗಾವಿಯ ಲ್ಯಾಬಿನಲ್ಲಿ ಮಾಡುವ ಪಿಸಿಆರ್ ಪರೀಕ್ಷೆ ಅದನ್ನು ಕೆಲವೇ ಗಂಟೆಗಳಲ್ಲಿ ಹುಡುಕುತ್ತದೆ ಎಂದರು.

“ನಾಳೆ ಸಂಜಿತನ ಗಂಟು ಎತ್ತಬ್ಯಾಡ,” ಎಂದು ರತ್ನಾಬಾಯಿಗೆ ಹೇಳಿ, ಗುರುಲಿಂಗವ್ವ ಬೆನ್ನಿನಿಂದ ತೆಗೆದು ಉಳಿದಿದ್ದ ನೀರಿನ ಸೀಸೆಯನ್ನು ಮಂಜುಗಡ್ಡೆಯ ಡಬ್ಬಿಯಲ್ಲಿಟ್ಟುಕೊಂಡು ಬೆಳಗಿನ ಬಸ್ಸಿಗೆ ಬೆಳಗಾವಿಗೆ ಹೋದಳು. ಉತ್ತರ ಸಿಗುವವರೆಗೆ ಲ್ಯಾಬಿನ ಬಾಗಿಲು ಬಿಡಲಿಲ್ಲ. ಸಂಜೆ ದವಾಖಾನೆಗೆ ಫೋನ್ ಮಾಡಿ ರತ್ನಾಬಾಯಿಗೆ, “ರೋಗ ಐತವಾ, ಹೆಸರೂ ಸಿಕ್ಕೇತಿ. ಪೂರಾ ಸೂಜಿ ಮಾಡಿಸಿಯೇ ಹೋಗೂದು,” ಎಂದಳು.

ರತ್ನಾಬಾಯಿ ಗಂಟು ಬಿಚ್ಚಿ ಹಾಸಿಗೆ ಹಾಸಿದಳು.