ತಣ್ಣಗಿದ್ದ ಇಲಿಗಳು

ಮೊನ್ನೆ ಕಾರ್ಕಳದ ನರ್ಸರಿಯೊಂದರಲ್ಲಿ ಬಿಸಿಲಿಗೆ ಕಾದ ಭತ್ತದ ಉಮಿಯ ಚೀಲ ಬಿಚ್ಚಿದರು. ಆ ವಾಸನೆ ಮೂಗಿಗೆ ಬಡಿದದ್ದೇ ಕೊಳ್ಳಬೇಕಾದ ಗಿಡ ಮರೆತು ನಿಂತುಬಿಟ್ಟೆ. ನಮ್ಮ ಲ್ಯಾಬಿನ ಇಲಿಗಳ ಗೂಡಿಗೆ ಹಾಸುತ್ತಿದ್ದದ್ದು ಅದೇ ಉಮಿ. ಹಾಸುತ್ತಿದ್ದವರು ಅವರು... ಕಾಪುವಿನಿಂದ ಬೆಳಗ್ಗಿನ ಮೊದಲ ಬಸ್ಸಿಗೆ ಬರುತ್ತಿದ್ದ, ಪ್ರಾಣಿಗಳನ್ನು ನೋಡಿಕೊಳ್ಳುವ ಅಣ್ಣ.

ನಾನಾಗ ಡಾಕ್ಟರೇಟಿಗೆ ಒದ್ದಾಡುತ್ತಿದ್ದೆ. ಇಲಿಯ ಮೆದುಳಿನ ರಕ್ತನಾಳ ಕಟ್ಟಿ ಪಾರ್ಶ್ವವಾಯು ಬರಿಸುವುದು, ಕೆಲವಕ್ಕೆ ಹೊಸ ಮದ್ದು, ಉಳಿದವಕ್ಕೆ ಬರೀ ಸಲೈನ್ ಕೊಡುವುದು, ಮರುದಿನ ಎಂಆರ್‌ಐ ತೆಗೆದು ಎಷ್ಟು ಮೆದುಳು ಹಾಳಾಗಿದೆಯೆಂದು ಅಳೆಯುವುದು. ಮದ್ದು ಕೊಟ್ಟ ಇಲಿಗಳ ಚಿತ್ರದಲ್ಲಿ ಹಾಳಾದ ಜಾಗದ ಬಿಳಿ ಕಲೆ ತೀರಾ ಚಿಕ್ಕದಿತ್ತು. ನಾನು ಕುಣಿದದ್ದೇ ಕುಣಿದದ್ದು!

ಅಣ್ಣ ಬಾಗಿಲಲ್ಲಿ ನಿಂತು ಮೆಲ್ಲಗೆ ಹೇಳಿದರು: "ಮೇಡಂ, ಮದ್ದಿನ ಇಲಿಗಳಿಗೆ ಆಪರೇಷನ್ ಮಾಡಿದ ಆ ಎರಡು ದಿನ, ಅವುಗಳ ಮೈ ಬಿಸಿ ಮಾಡುವ ಪ್ಯಾಡ್ ಹಾಳಾಗಿತ್ತಲ್ವಾ? ಮದ್ದು ಕೊಟ್ಟ ಇಲಿಗಳನ್ನು ನಾನೇ ಎತ್ತಿ ಗೂಡಿಗೆ ಬಿಟ್ಟದ್ದು. ಎಲ್ಲವೂ ತಣ್ಣಗೆ ಇದ್ದವು. ಸಲೈನಿನವು ಬೆಚ್ಚಗಿದ್ದವು."

ಮೈ ತಣ್ಣಗಿದ್ದರೆ ಮೆದುಳಿಗೆ ಪೆಟ್ಟು ಕಡಿಮೆ. ಅದು ನಮಗೆಲ್ಲ ಗೊತ್ತಿದ್ದದ್ದೇ. ಇಲಿಗಳನ್ನು ಉಳಿಸಿದ್ದು ಮದ್ದಲ್ಲ, ಚಳಿ. ಎಲ್ಲವನ್ನೂ ಮೊದಲಿನಿಂದ ಮಾಡಬೇಕಿತ್ತು. ನನ್ನ ಬಾಯಿಂದ ಬಂದದ್ದು ಮಾತ್ರ, "ನಿಮಗೆ ಎಂತ ಗೊತ್ತುಂಟು? ಗೂಡು ತೊಳೆಯುವ ಕೆಲಸ ನೋಡಿ." ಎಂಥ ಕೊಬ್ಬು ನನಗೆ! ಅಪ್ಪನ ವಯಸ್ಸಿನವರು... ತಲೆ ತಗ್ಗಿಸಿ ಹೋದರು. ಅದೇ ಚಿತ್ರಗಳನ್ನಿಟ್ಟು ಬರೆದ ಪ್ರಬಂಧ ಅಚ್ಚಾಯಿತು, ಪದವಿ ಬಂತು, ಎಲ್ಲರಿಗೂ ಲಾಡು ಹಂಚಿದೆ. ಅವರಿಗೂ ಕೊಟ್ಟೆ, ನಾಚಿಕೆಗೆಟ್ಟವಳು.

ಕೆಲವು ವರ್ಷ ಕಳೆದು, ಅವರ ಹೆಂಡತಿಗೆ ಪಾರ್ಶ್ವವಾಯು ಬಡಿಯಿತೆಂದು ಕೇಳಿ ಕಾಪುವಿಗೆ ಹೋದೆ. ಆಕೆಯ ಬಲಗೈ, ಬಲಗಾಲು ಬಿದ್ದುಹೋಗಿದ್ದವು. ಅಣ್ಣ ಚಮಚದಲ್ಲಿ ಗಂಜಿ ಕುಡಿಸುತ್ತಿದ್ದರು. ನನ್ನನ್ನು ಕಂಡದ್ದೇ ಅವರ ಮುಖ ಅರಳಿತು.

"ಮೇಡಂ, ನಮ್ಮ ಆ ಮದ್ದು ಈಗ ಮನುಷ್ಯರಿಗೆ ಸಿಗ್ತದಾ?"

ಗಂಜಿಯ ಬಟ್ಟಲು ಕೆಳಗಿಟ್ಟು ಅವರೇ ಮುಂದುವರಿಸಿದರು. "ಅವತ್ತು ನಾನು ತಿಳಿಯದೆ ಬಾಯಿ ಹಾಕಿದೆ. ಮನಸ್ಸಿನಲ್ಲಿ ಇಟ್ಟುಕೊಳ್ಳಬೇಡಿ."

ಆಗಲಾದರೂ ಹೇಳಿಬಿಡಬಹುದಿತ್ತು... "ಇನ್ನೂ ಬಂದಿಲ್ಲ ಅಣ್ಣ" ಎಂದೆ. ಥೂ, ನನ್ನ ಜನ್ಮಕ್ಕೆ.

ಮೊನ್ನೆ ಮನೆಗೆ ಬಂದವಳೇ ಅವರಿಗೆ ಫೋನ್ ಮಾಡಿದೆ. ಎತ್ತಿದ್ದು ಮಗಳು. ಅಪ್ಪ ತೀರಿಹೋಗಿ ವರ್ಷವಾಯಿತು ಎಂದಳು. ಆ ಪ್ರಬಂಧವನ್ನು ಹಿಂದೆಗೆದುಕೊಳ್ಳುತ್ತೇನೆಂದು, ಅದನ್ನು ಅಚ್ಚು ಹಾಕಿದ ವಿಜ್ಞಾನ ಪತ್ರಿಕೆಗೆ ಇವತ್ತು ಬರೆದೆ. ಇಷ್ಟು ವರ್ಷ ಬೇಕಾಯಿತು ನನಗೆ. ಅಣ್ಣ ಮಾತ್ರ, ತಪ್ಪು ಹೇಳಿದವರು ತಾವೇ ಎಂದುಕೊಂಡು ಹೋದರು.